ಎರಡು ಮರಗಳ ನಡುವಿನ ಜಾಗ

ನಾನು ಮಾವಿನ ಸೀಮೆಯವನು. ಶ್ರೀನಿವಾಸಪುರದ ಕಡೆ ನಮ್ಮ ತಾತ ನೆಟ್ಟ ತೋಟವೊಂದಿದೆ. ಮರದಿಂದ ಮರಕ್ಕೆ ಮೂವತ್ತಮೂರು ಅಡಿ ಬಿಟ್ಟು ತಾತ ಗುಣಿ ತೆಗೆಸಿದ್ದರು. ಇಷ್ಟು ಜಾಗ ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳಿದರೆ, "ಮುಂದೆ ಮರ ಕೇಳುತ್ತೆ, ಆಗ ಕೊಡೋಕೆ ಇರಬೇಕಲ್ಲಪ್ಪಾ" ಎನ್ನುತ್ತಿದ್ದರಂತೆ. ತೋಟ ನನ್ನ ಕೈಗೆ ಬಂದಾಗ ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ಎರಡೆರಡು ಮರಗಳ ನಡುವೆ ಒಂದೊಂದು ಕಸಿ ಗಿಡ ನೆಡಿಸಿದೆ. ಹತ್ತು ವರ್ಷ ಎಲ್ಲವೂ ಚೆನ್ನಾಗಿಯೇ ಇತ್ತು. ಆಮೇಲೆ ಕೊಂಬೆಗಳು ಒಂದರೊಳಗೊಂದು ಹೆಣೆದುಕೊಂಡವು. ಒಳಗಿನ ರೆಂಬೆಗಳು ಒಣಗತೊಡಗಿದವು. ಕಾಯಿ ಬಿಡುವುದು ನೆತ್ತಿಯಲ್ಲಿ ಮಾತ್ರ ಎನ್ನುವಂತಾಯಿತು. ಹೊಸ ಗಿಡ ಸೊರಗಿತು, ಹಳೆಯ ಮರವೂ ಸೊರಗಿತು.

ಆ ತಪ್ಪು ಎಂಥದೆಂದು ನನಗೆ ಪೂರ್ತಿಯಾಗಿ ತಿಳಿದದ್ದು ಬಲು ದೂರದ ಒಂದು ಊರಿನಲ್ಲಿ, ಸೇಬಿನ ಮರಗಳ ಕೆಳಗೆ. ಆ ತೋಟಗಳ ವಿಷಯವನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಶಿಮ್ಲಾದಿಂದ ಹಳೆಯ ಹಿಂದೂಸ್ತಾನ್–ಟಿಬೆಟ್ ರಸ್ತೆ ಹಿಡಿದು ಹೊರಟರೆ ನಾರ್ಕಂಡಾ ಸಿಗುತ್ತದೆ. ಅಲ್ಲಿಂದ ದೇವದಾರು ಕಾಡಿನೊಳಗೆ ಇಳಿಯುತ್ತ ಹೋದರೆ ಥಾಣೇಧಾರ್, ಅದರ ಕೆಳಗೆ ಕೋಟ್‌ಗಢ. ಶಿಮ್ಲಾದಿಂದ ಸುಮಾರು 80 ಕಿಲೋಮೀಟರ್ ದೂರ. ಎದುರಿಗೆ ಹಿಮದ ಬೆಟ್ಟಗಳು, ಕೆಳಗೆ ಕಣಿವೆಯಲ್ಲಿ ಸಟ್ಲೆಜ್ ನದಿ. ಇಳಿಜಾರಿನ ತುಂಬ ಮೆಟ್ಟಿಲು ಮೆಟ್ಟಿಲಾಗಿ ಸೇಬಿನ ತೋಟಗಳು. ನಾನು ಹೋದದ್ದು ಏಪ್ರಿಲ್‌ನಲ್ಲಿ. ಎಲೆ ಆಗತಾನೆ ಚಿಗುರುತ್ತಿತ್ತು. ಮೊಗ್ಗು ನಸುಗೆಂಪು, ಅರಳಿದ ಹೂವು ಬಿಳುಪು. ಒಂದು ಹಳೆಯ ತೋಟದಲ್ಲಿ ನಿಂತು ನೋಡಿದೆ. ತೊಗಟೆ ಬಿರಿದು ಕಾಂಡ ಗಂಟುಗಂಟಾದ ದೊಡ್ಡ ಮರಗಳು. ಅವುಗಳ ನಡುವೆ ಇಪ್ಪತ್ತೈದು ಅಡಿ ಅಂತರ. ತಾತನ ತೋಟ ಕಣ್ಣ ಮುಂದೆ ಬಂತು.

ಆ ತೋಟದ ಯಜಮಾನರು ಎಂಬತ್ತು ದಾಟಿದ ಹಿರಿಯರು. ಊರಲ್ಲಿ ನನ್ನನ್ನು ಕಾಡಿದ್ದ ಪ್ರಶ್ನೆಯನ್ನೇ ಅವರ ಮುಂದಿಟ್ಟೆ: ನಡುವಿನ ಜಾಗ ದಂಡವಲ್ಲವೇ? ಅವರು ಬಾಯಿಮಾತಿನ ಉತ್ತರ ಕೊಡಲಿಲ್ಲ. ಒಂದು ಮರದ ಬುಡದಿಂದ ಹೆಜ್ಜೆ ಹಾಕತೊಡಗಿದರು. ಕೊಂಬೆಯ ತುದಿ ಮುಗಿಯುವಲ್ಲಿಗೆ ಬಂದು ನಿಂತರು. ಅಲ್ಲಿಂದ ಎದುರು ಮರದ ಕೊಂಬೆಯ ತುದಿಗೆ ಇನ್ನು ಎರಡೇ ಹೆಜ್ಜೆ. ಆ ಎರಡು ಹೆಜ್ಜೆಯ ದಾರಿಯನ್ನು ಕೈಯಲ್ಲಿ ತೋರಿಸಿ, ಬೆನ್ನಿಗೆ ಕಿಲ್ಟಾ ಹೊತ್ತ ಆಳು ಇಲ್ಲಿ ನಡೆಯಬೇಕು, ಏಣಿ ತಿರುಗಬೇಕು ಎಂದರು. ಕಿಲ್ಟಾ ಎಂದರೆ ಆ ಬೆಟ್ಟದ ಜನ ಬೆನ್ನಿಗೆ ಕಟ್ಟಿಕೊಳ್ಳುವ ಉದ್ದನೆಯ ಬುಟ್ಟಿ. ಇಪ್ಪತ್ತೈದು ಅಡಿಯಲ್ಲಿ ಇಪ್ಪತ್ತೊಂದು ಇಪ್ಪತ್ತೆರಡು ಅಡಿಯನ್ನು ಮರಗಳೇ ತುಂಬಿದ್ದವು. ನಾನು ಖಾಲಿ ಎಂದುಕೊಂಡದ್ದು ಆ ಉಳಿದ ಎರಡು ಹೆಜ್ಜೆಯನ್ನು.

ಆ ನಾಡಿಗೆ ಸೇಬು ಬಂದ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಸೇಬು ಹಿಮಾಚಲದ ಪುರಾತನ ಬೆಳೆಯಲ್ಲ. 1870ರಲ್ಲಿ ಕ್ಯಾಪ್ಟನ್ ಲೀ ಎಂಬ ಆಂಗ್ಲ ಅಧಿಕಾರಿ ಕುಲು ಕಣಿವೆಯ ಬಂದ್ರೋಲ್‌ನಲ್ಲಿ ತೋಟ ಹಾಕಿದರು. 1887ರಲ್ಲಿ ಅಲೆಕ್ಸಾಂಡರ್ ಕೂಟ್ಸ್ ಶಿಮ್ಲಾ ಹತ್ತಿರದ ಮಶೋಬ್ರಾದಲ್ಲಿ ಹಾಕಿದರು. ಅವು ಇಂಗ್ಲೆಂಡಿನ ಹುಳಿ ಮುಂದಾದ ತಳಿಗಳು. ನಮ್ಮ ಜನರ ನಾಲಗೆಗೆ ಹಿಡಿಸಲಿಲ್ಲ.

ಸೇಬು ಬೆಟ್ಟದ ರೈತನ ಬೆಳೆಯಾದದ್ದು ಒಬ್ಬ ಅಮೆರಿಕನ್ನನಿಂದ. ಹೆಸರು ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್. 1882ರಲ್ಲಿ ಫಿಲಡೆಲ್ಫಿಯಾದ ಸಿರಿವಂತ ಕ್ವೇಕರ್ ಮನೆತನದಲ್ಲಿ ಹುಟ್ಟಿದವರು. 1904ರಲ್ಲಿ ಭಾರತಕ್ಕೆ ಬಂದು ಸುಬಾಥುವಿನ ಕುಷ್ಠರೋಗಿಗಳ ಆಶ್ರಮದಲ್ಲಿ ಸೇವೆಗೆ ನಿಂತರು. ಆಮೇಲೆ ಕೋಟ್‌ಗಢದಲ್ಲಿ ನೆಲೆಸಿ, 1912ರಲ್ಲಿ ಅಲ್ಲಿಯ ಬೆಟ್ಟದ ಹೆಣ್ಣುಮಗಳು ಆಗ್ನೆಸ್ ಅವರನ್ನು ಮದುವೆಯಾದರು. ಬೆಟ್ಟದ ಜನರಿಂದ ಸರ್ಕಾರ ಮಾಡಿಸುತ್ತಿದ್ದ ಬಿಟ್ಟಿ ಚಾಕರಿಯ ವಿರುದ್ಧ ಹೋರಾಡಿದರು. ಸ್ವಾತಂತ್ರ್ಯ ಚಳವಳಿಗೆ ಇಳಿದು 1921ರಲ್ಲಿ ಜೈಲಿಗೂ ಹೋದರು. 1932ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದ ಎನಿಸಿಕೊಂಡರು. 1946ರಲ್ಲಿ, ದೇಶ ಸ್ವತಂತ್ರವಾಗುವ ಹಿಂದಿನ ವರ್ಷ, ತೀರಿಕೊಂಡರು.

ಇಂಥವರು 1916ರಲ್ಲಿ ಅಮೆರಿಕದಿಂದ ಡೆಲಿಷಿಯಸ್ ತಳಿಯ ಸೇಬಿನ ಸಸಿಗಳನ್ನು ತರಿಸಿ ಥಾಣೇಧಾರ್‌ನಲ್ಲಿ ನೆಟ್ಟರು. ಹಣ್ಣು ಸಿಹಿ, ಬಣ್ಣ ಕೆಂಪು, ದೂರದ ಪೇಟೆಯವರೆಗೆ ತಾಳಿಕೊಳ್ಳುವ ಗುಣ. ತಾವು ಬೆಳೆದು ಸುಮ್ಮನಿರಲಿಲ್ಲ, ಊರವರಿಗೂ ಸಸಿ ಹಂಚಿದರು, ಬೆಳೆಸುವುದನ್ನು ಕಲಿಸಿದರು. ಗೋಧಿ, ಆಲೂಗಡ್ಡೆ ಬೆಳೆದು ಅರೆಹೊಟ್ಟೆ ಉಣ್ಣುತ್ತಿದ್ದ ಮನೆಗಳು ಒಂದೆರಡು ತಲೆಮಾರಿನಲ್ಲಿ ಚೇತರಿಸಿಕೊಂಡವು. ಇವತ್ತು ಹಿಮಾಚಲದ ಸೇಬು ಎಂದು ನಾವು ಕೊಳ್ಳುವ ಹಣ್ಣಿನ ಹಿಂದೆ ಆ ಇಳಿಜಾರಿನ ತೋಟಗಳಿವೆ.

ಆ ಡೆಲಿಷಿಯಸ್ ತಳಿ ಹುಟ್ಟಿದ ಬಗೆಯೂ ನಮ್ಮ ವಿಷಯಕ್ಕೇ ಸೇರಿದ್ದು. ಅಮೆರಿಕದ ಅಯೋವಾ ಪ್ರಾಂತದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನಿದ್ದ. ಅವನ ಸೇಬಿನ ತೋಟದಲ್ಲಿ ಸಾಲು ತಪ್ಪಿ ಒಂದು ಸಸಿ ತಾನಾಗಿ ಎದ್ದಿತು. ಸಾಲಿನಲ್ಲಿಲ್ಲದ ಗಿಡ ಬೇಡವೆಂದು ಅವನು ಕಡಿದು ಹಾಕಿದ. ಅದು ಮತ್ತೆ ಚಿಗುರಿತು. ಮತ್ತೆ ಕಡಿದ. ಮತ್ತೂ ಚಿಗುರಿತು. ಬದುಕಲು ಇಷ್ಟು ಹಟ ಮಾಡುವ ಗಿಡ ಬದುಕಲಿ ಎಂದು ಕೊನೆಗೆ ಬಿಟ್ಟ. ಹಣ್ಣು ತಿಂದು ನೋಡಿದಾಗ ಬೆರಗಾದ. 1893ರಲ್ಲಿ ಮಿಸೌರಿಯ ಸ್ಟಾರ್ಕ್ ನರ್ಸರಿಯವರು ಏರ್ಪಡಿಸಿದ ಪ್ರದರ್ಶನಕ್ಕೆ ಕಳಿಸಿದ ಆ ಹಣ್ಣೇ ಮುಂದೆ ಡೆಲಿಷಿಯಸ್ ಎಂದು ಲೋಕಕ್ಕೆ ಪರಿಚಯವಾಯಿತು. ಹಯಾಟ್‌ನ ತೋಟದಲ್ಲಿ ಸಾಲುಗಳ ನಡುವೆ ಒಂದು ಸಸಿ ತಲೆಯೆತ್ತುವಷ್ಟು ಬಿಸಿಲು ನೆಲಕ್ಕೆ ಬೀಳುತ್ತಿತ್ತು ಎಂಬುದನ್ನು ಮರೆಯಬಾರದು.

ಈಗ ಅಂತರದ ಲೆಕ್ಕಕ್ಕೆ ಬರೋಣ. ಸೇಬಿನ ಗಿಡಕ್ಕೆ ಎಷ್ಟು ಅಡಿ ಬಿಡಬೇಕು ಎಂದು ಕೇಳಿದರೆ, ಬೇರು ಯಾವುದು ಎಂದು ಮೊದಲು ಕೇಳಬೇಕು. ಸೇಬನ್ನು ಬೀಜ ಹಾಕಿ ಬೆಳೆಸಿದರೆ ತಾಯಿಯ ಹಣ್ಣು ಮಗುವಿಗೆ ಬರುವುದಿಲ್ಲ. ಹುಳಿಯೋ ಒಗರೋ, ಏನು ಬಂದೀತೆಂದು ಹೇಳಲಾಗದು. ಆದ್ದರಿಂದ ತೋಟದಲ್ಲಿ ನೆಡುವ ಸೇಬೆಲ್ಲ ಕಸಿಯ ಗಿಡವೇ. ಮೇಲಿನ ಕಡ್ಡಿ ಹಣ್ಣಿನ ಗುಣ ಕೊಡುತ್ತದೆ. ಕೆಳಗಿನ ಬೇರು, ಅಂದರೆ ನರ್ಸರಿಯವರು ರೂಟ್‌ಸ್ಟಾಕ್ ಎನ್ನುವ ಭಾಗ, ಮರ ಎಷ್ಟು ಎತ್ತರ ಎಷ್ಟು ಅಗಲ ಬೆಳೆಯಬೇಕೆಂಬುದನ್ನು ಬಹುಮಟ್ಟಿಗೆ ಗೊತ್ತು ಮಾಡುತ್ತದೆ.

ಕೋಟ್‌ಗಢದ ಹಳೆಯ ಮರಗಳು ಸೇಬಿನ ಬೀಜದಿಂದ ಎಬ್ಬಿಸಿದ ಸಸಿಯ ಬೇರಿನ ಮೇಲೆ ನಿಂತಿವೆ. ಆ ಬೇರು ಆಳಕ್ಕೆ ಇಳಿಯುತ್ತದೆ, ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲುತ್ತದೆ, ನೀರಾವರಿ ಇಲ್ಲದೆಯೂ ಮಳೆ ಹಿಮದ ತೇವದಲ್ಲೇ ಬದುಕುತ್ತದೆ. ಆದರೆ ಮರ ದೊಡ್ಡದಾಗುತ್ತದೆ. ಒಳ್ಳೆಯ ಫಸಲಿಗೆ ಏಳೆಂಟು ವರ್ಷ ಕಾಯಿಸುತ್ತದೆ. ಒಮ್ಮೆ ಹಿಡಿಯಿತೆಂದರೆ ಐವತ್ತು ಅರವತ್ತು ವರ್ಷ ಕೈ ಬಿಡುವುದಿಲ್ಲ. ಇಂಥ ಮರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಅಡಿ ಬೇಕು. ಇಪ್ಪತ್ತೈದು ಅಡಿ ಚೌಕದಲ್ಲಿ ನೆಟ್ಟರೆ ಎಕರೆಗೆ ಸುಮಾರು 70 ಮರ ಹಿಡಿಸುತ್ತವೆ, ಇಪ್ಪತ್ತು ಅಡಿಯಲ್ಲಿ 109.

ಬೇರನ್ನು ಬದಲಾಯಿಸಿ ಮರವನ್ನು ಗಿಡ್ಡ ಮಾಡುವ ವಿದ್ಯೆ ಯುರೋಪಿನಲ್ಲಿ ಹಳೆಯದು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಈಸ್ಟ್ ಮಾಲಿಂಗ್‌ನಲ್ಲಿ 1913ರಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಯ ರೊನಾಲ್ಡ್ ಹ್ಯಾಟನ್ ಎಂಬ ವಿಜ್ಞಾನಿ, ಹೆಸರು ಕಲಸಿಹೋಗಿದ್ದ ಬೇರಿನ ಗಿಡಗಳನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ ಅಂಕಿ ಕೊಟ್ಟರು. ಇವತ್ತು ಸೇಬಿನ ಬೆಳೆಗಾರರ ಬಾಯಲ್ಲಿ ಓಡಾಡುವ ಎಂ 9, ಎಂಎಂ 106 ಎಂಬ ಹೆಸರುಗಳಲ್ಲಿರುವ ಮೊದಲ ಎಂ ಅಕ್ಷರ ಮಾಲಿಂಗ್ ಊರಿನದು. ಎಂಎಂ 106ರ ಮೇಲಿನ ಮರ ಮಧ್ಯಮ ಗಾತ್ರದ್ದು, ಹನ್ನೆರಡರಿಂದ ಹದಿನೈದು ಅಡಿ ಅಂತರ ಸಾಕು. ಬೇರಿಗೆ ಹತ್ತುವ ಉಣ್ಣೆ ಹೇನಿನ ಕಾಟವನ್ನೂ ಅದು ತಡೆಯುತ್ತದೆ. ಎಂ 9ರ ಮೇಲಿನದು ಗಿಡ್ಡ ಮರ. ಸಾಲಿನಿಂದ ಸಾಲಿಗೆ ಹತ್ತು ಅಡಿ, ಗಿಡದಿಂದ ಗಿಡಕ್ಕೆ ಮೂರು ಅಡಿಯಂತೆ ಎಕರೆಗೆ 1,400ಕ್ಕೂ ಹೆಚ್ಚು ಗಿಡ ನೆಡುವವರಿದ್ದಾರೆ. ಎರಡು ಮೂರನೆಯ ವರ್ಷಕ್ಕೇ ಕಾಯಿ. ಆದರೆ ಬೇರು ಮೇಲುಮೇಲಿನದು, ಗಟ್ಟಿಯಲ್ಲ. ಕಂಬ ತಂತಿಯ ಆಸರೆ ಬೇಕು, ಹನಿ ನೀರಾವರಿ ಬೇಕು, ಮರದ ಆಯುಸ್ಸೂ ಕಡಿಮೆ.

ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ನಾನು ಹೇಳುತ್ತಿಲ್ಲ. ನೀರು ಇರುವ ಸಮತಟ್ಟು ನೆಲದಲ್ಲಿ, ಬಂಡವಾಳ ಇರುವ ಕೈಯಲ್ಲಿ ಒತ್ತಾದ ನಾಟಿ ಚೆನ್ನಾಗಿ ನಡೆಯುತ್ತದೆ. ತಪ್ಪಾಗುವುದು ಎಲ್ಲಿ ಎಂದರೆ, ದೊಡ್ಡ ಬೇರಿನ ಮರಗಳ ನಡುವೆ ಗಿಡ್ಡ ಮರದ ಲೆಕ್ಕವನ್ನು ತಂದು ತುರುಕುವಲ್ಲಿ. ನನ್ನ ಮಾವಿನ ತೋಟದಲ್ಲಿ ನಾನು ಮಾಡಿದ್ದೂ ಅದನ್ನೇ.

ಆ ಅಂತರ ಮರಕ್ಕೆ ಯಾತಕ್ಕೆ ಬೇಕು?

ಮೊದಲನೆಯದು ಬಿಸಿಲಿಗೆ. ಈ ವರ್ಷ ಅರಳಿದ ಸೇಬಿನ ಹೂವಿನ ಮೊಗ್ಗು ರೂಪುಗೊಂಡದ್ದು ಹೋದ ಬೇಸಿಗೆಯಲ್ಲಿ, ಎಲೆಯ ಮರೆಯಲ್ಲಿ. ಪೂರ್ತಿ ಬಿಸಿಲಿನ ಮೂರರಲ್ಲೊಂದು ಪಾಲಾದರೂ ಆ ರೆಂಬೆಗೆ ಸಿಗದಿದ್ದರೆ ಅಲ್ಲಿ ಹೂಮೊಗ್ಗು ಕಟ್ಟುವುದು ಕಷ್ಟ, ಎಲೆಯ ಮೊಗ್ಗು ಮಾತ್ರ ಉಳಿಯುತ್ತದೆ. ಹಣ್ಣಿಗೆ ಕೆಂಪು ಏರಬೇಕಾದರೆ ಇನ್ನೂ ಹೆಚ್ಚು ಬೆಳಕು ಬೇಕು. ಹಾಗಾಗಿ ಎರಡು ಮರಗಳ ಕೊಂಬೆ ಹೆಣೆದುಕೊಂಡ ವರ್ಷವೇ ನಷ್ಟ ಕಾಣುವುದಿಲ್ಲ. ಅದು ಮುಂದಿನ ವರ್ಷ ಕಾಣುತ್ತದೆ, ಆಮೇಲೆ ವರ್ಷವರ್ಷವೂ ಒಳಗಿನಿಂದ ಹೊರಕ್ಕೆ ಹಬ್ಬುತ್ತದೆ. ನಮ್ಮ ಮಾವಿನ ಕಾಯಿ ನೆತ್ತಿಗೇರಿದ್ದು ಯಾಕೆಂದು ನನಗೆ ಅಲ್ಲಿ ತಿಳಿಯಿತು.

ಎರಡನೆಯದು ಗಾಳಿಗೆ. ಸೇಬಿಗೆ ಕಜ್ಜಿ ರೋಗ ಎಂಬ ಶಿಲೀಂಧ್ರದ ಕಾಟವಿದೆ. ಎಲೆಯ ಮೇಲೂ ಕಾಯಿಯ ಮೇಲೂ ಕಪ್ಪು ಕಲೆ ಬಿದ್ದು ಸಿಪ್ಪೆ ಬಿರಿಯುತ್ತದೆ. 1980ರ ದಶಕದ ಮೊದಲಲ್ಲಿ ಅದು ಹಿಮಾಚಲದ ತೋಟಗಳಿಗೆ ಮಾರಿಯಂತೆ ಬಡಿದಿತ್ತು. ಹದವಾದ ಬಿಸುಪಿನಲ್ಲಿ ಎಲೆ ಎಂಟೊಂಬತ್ತು ಗಂಟೆ ಒದ್ದೆಯಾಗಿಯೇ ಇದ್ದರೆ ಆ ಶಿಲೀಂಧ್ರಕ್ಕೆ ಒಳಹೊಗಲು ಸಾಕು. ಮಳೆ ನಿಂತ ಮೇಲೆ ಎಲೆ ಬೇಗ ಆರಿದರೆ ರೋಗಕ್ಕೆ ಸಮಯ ಸಿಗುವುದಿಲ್ಲ. ಔಷಧಿ ಹೊಡೆಯುವುದು ಬೇಕಾಗುತ್ತದೆ, ನಿಜ. ಆದರೆ ಗಾಳಿಯಾಡುವ ತೋಟದಲ್ಲಿ ಹೊಡೆದ ಔಷಧಿ ಒಳಗಿನ ಎಲೆಗೂ ಮುಟ್ಟುತ್ತದೆ. ಹೆಣೆದುಕೊಂಡ ತೋಟದಲ್ಲಿ ಹೊರಗಿನ ಎಲೆಯಷ್ಟೇ ತೋಯುತ್ತದೆ.

ಮೂರನೆಯದು ಬೇರಿಗೆ. ಮರದ ಸುತ್ತ ಪಾತಿ ಮಾಡಿ, ಕೊಟ್ಟಿಗೆ ಗೊಬ್ಬರ ಹಾಕಿ, ಒಣಹುಲ್ಲು ಹೊದಿಸುವುದು ಅಲ್ಲಿಯ ರೂಢಿ. ಹತ್ತು ವರ್ಷ ದಾಟಿದ ಒಂದು ಮರಕ್ಕೆ ವರ್ಷಕ್ಕೆ 100 ಕಿಲೋ ಕೊಟ್ಟಿಗೆ ಗೊಬ್ಬರ ಶಿಫಾರಸು. ಅದನ್ನು ಬುಡಕ್ಕೆ ರಾಶಿ ಸುರಿಯುವಂತಿಲ್ಲ. ನೀರು ಗೊಬ್ಬರ ಹೀರುವ ಎಳೆಬೇರುಗಳು ಕೊಂಬೆಯ ತುದಿಯ ನೇರಕ್ಕೆ ಹರಡಿರುತ್ತವೆ, ಅಲ್ಲಿ ಹಾಕಬೇಕು. ನೆರೆಮರದ ಬೇರೂ ಅಲ್ಲೇ ಬಂದು ಕೂತಿದ್ದರೆ ಒಂದೇ ಗೊಬ್ಬರಕ್ಕೆ ಎರಡು ಬಾಯಿ.

ನಾಲ್ಕನೆಯದು ಜೇನಿಗೆ. ಡೆಲಿಷಿಯಸ್ ಸೇಬು ತನ್ನ ಪರಾಗಕ್ಕೆ ತಾನು ಕಾಯಿ ಕಟ್ಟುವುದಿಲ್ಲ. ಗೋಲ್ಡನ್ ಡೆಲಿಷಿಯಸ್‌ನಂಥ ಬೇರೆ ತಳಿಯ ಮರ ಹತ್ತಿರವಿದ್ದು, ಅದೂ ಅದೇ ವಾರ ಅರಳಬೇಕು. ಒಂದರ ಪರಾಗವನ್ನು ಇನ್ನೊಂದಕ್ಕೆ ಜೇನು ಒಯ್ಯಬೇಕು. ಪ್ರತಿ ಮೂರನೆಯ ಸಾಲಿನಲ್ಲಿ ಪ್ರತಿ ಮೂರನೆಯ ಗಿಡವಾಗಿ ಪರಾಗದ ಮರ ಇಟ್ಟರೆ ಒಂಬತ್ತಕ್ಕೆ ಒಂದು ಬರುತ್ತದೆ. ಹೂವಿನ ಕಾಲದಲ್ಲಿ ಮಳೆ ಚಳಿ ಕಾಡುವ ಕಡೆ ಅದಕ್ಕಿಂತ ಹೆಚ್ಚು ಇಡುತ್ತಾರೆ. ಹೂವಿನ ದಿನಗಳಲ್ಲಿ ಬಾಡಿಗೆಗೆ ತಂದ ಜೇನುಪೆಟ್ಟಿಗೆಗಳು ತೋಟದಲ್ಲಿ ಇರುತ್ತವೆ. ಬಿಸಿಲು ಬಿದ್ದ ಓಣಿಗಳಲ್ಲಿ ಜೇನು ಹಾರಾಡುವುದನ್ನು ನಾನು ಕಣ್ಣಾರೆ ಕಂಡೆ. ಕಿಲ್ಟಾ ಹೊತ್ತ ಆಳಿಗೆ ಬಿಟ್ಟ ದಾರಿಯಲ್ಲೇ ಅದರ ಸಂಚಾರವೂ ಇತ್ತು.

ಹಾಗಾದರೆ ಮರ ದೊಡ್ಡದಾಗುವವರೆಗೆ ಹತ್ತು ವರ್ಷ ನೆಲ ಸುಮ್ಮನೆ ಬಿದ್ದಿರಬೇಕೇ? ಇಲ್ಲ. ಸಣ್ಣ ಗಿಡಗಳ ನಡುವೆ ರಾಜ್ಮಾ, ಬಟಾಣಿ ಬೆಳೆಯುತ್ತಾರೆ. ಅವು ನೆಲಕ್ಕೆ ಸಾರಜನಕ ಕೂಡಿಸುತ್ತವೆ. ಬೇಗ ಫಲ ಕೊಟ್ಟು ಬೇಗ ಮುಗಿಯುವ ಪೀಚ್, ಪ್ಲಮ್ ಗಿಡಗಳನ್ನು ನಡುವೆ ಇಡುವವರೂ ಇದ್ದಾರೆ. ಅದಕ್ಕೊಂದು ಕಟ್ಟಳೆಯಿದೆ. ಸೇಬಿನ ಕೊಂಬೆ ಅದನ್ನು ಮುಟ್ಟಿದ ವರ್ಷ ಅದನ್ನು ತೆಗೆಯಲೇಬೇಕು. ಫಲ ಕೊಡುವ ಮರಕ್ಕೆ ಕೊಡಲಿ ಹಾಕಲು ಮನಸ್ಸು ಒಪ್ಪುವುದಿಲ್ಲ. ಆದ್ದರಿಂದ ನೆಡುವ ದಿನವೇ ತೆಗೆಯುವ ವರ್ಷವನ್ನು ಬರೆದಿಟ್ಟುಕೊಳ್ಳಬೇಕು. ನನ್ನಲ್ಲಿ ಇಲ್ಲದೆ ಹೋದದ್ದು ಆ ಒಂದು ಚೀಟಿ.

ಇನ್ನು ಹಳೆಯ ತೋಟವನ್ನು ಹೊಸದು ಮಾಡುವ ವಿಷಯ. ಕೋಟ್‌ಗಢದಲ್ಲಿ ಇವತ್ತು ಎಲ್ಲರ ಎದುರಿಗಿರುವ ಕೆಲಸ ಇದು. ಮರಗಳಿಗೆ ವಯಸ್ಸಾಗಿದೆ. ಒಂದೊಂದಾಗಿ ಒಣಗುತ್ತಿವೆ. ಸತ್ತ ಮರವನ್ನು ಕಿತ್ತು ಅದೇ ಗುಣಿಯಲ್ಲಿ ಹೊಸ ಸೇಬು ನೆಟ್ಟರೆ ಅದು ಸುಲಭವಾಗಿ ಏಳುವುದಿಲ್ಲ. ವರ್ಷಗಟ್ಟಲೆ ಒಂದೇ ಬೆಳೆ ಉಂಡ ಮಣ್ಣಿನಲ್ಲಿ, ಸೇಬಿನ ಬೇರನ್ನೇ ತಿನ್ನುವ ಶಿಲೀಂಧ್ರಗಳೂ ಜಂತುಹುಳಗಳೂ ತುಂಬಿಕೊಂಡಿರುತ್ತವೆ. ಹಳೆಯ ಮರಕ್ಕೆ ತಾಳುವ ಶಕ್ತಿಯಿತ್ತು, ಎಳೆಯ ಗಿಡಕ್ಕೆ ಇಲ್ಲ. ಇದಕ್ಕೆ ಅನುಭವಸ್ಥರು ಮಾಡುವುದು ಇಷ್ಟು. ಹಳೆಯ ಬೇರನ್ನು ಆದಷ್ಟು ಆಯ್ದು ತೆಗೆಯುತ್ತಾರೆ. ಒಂದೆರಡು ವರ್ಷ ಆ ಜಾಗದಲ್ಲಿ ಕಾಳು, ಧಾನ್ಯ ಬೆಳೆಯುತ್ತಾರೆ. ಹಳೆಯ ಗುಣಿಯನ್ನು ಬಿಟ್ಟು, ಎರಡು ಹಳೆಯ ಗುಣಿಗಳ ನಟ್ಟನಡುವೆ ಹೊಸ ಗುಣಿ ತೆಗೆದು ಬೇರೆ ಕಡೆಯ ಮಣ್ಣು ತುಂಬುತ್ತಾರೆ. ತಾತಂದಿರು ಬಿಟ್ಟ ಇಪ್ಪತ್ತೈದು ಅಡಿ ಅಂತರ ಮೊಮ್ಮಕ್ಕಳ ಗಿಡಕ್ಕೆ ಹೊಸ ನೆಲವಾಗಿ ಒದಗುವುದು ಹೀಗೆ. ಒತ್ತಾಗಿ ನೆಟ್ಟು ಮುದಿಯಾದ ತೋಟದಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಎಲ್ಲಿ ಅಗೆದರೂ ಹಳೆಯ ಬೇರೇ.

ಗುಣಿ ಎಷ್ಟು ದೊಡ್ಡದು? ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ. ನಾಟಿಗೆ ತಿಂಗಳ ಮೊದಲೇ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮಣ್ಣು ಕೂರಲು ಬಿಡುತ್ತಾರೆ. ಗಿಡ ನಿದ್ದೆಯಲ್ಲಿರುವ ಚಳಿಗಾಲದಲ್ಲಿ, ಎಲೆಯಿಲ್ಲದ ಸಸಿಯನ್ನು ನೆಡುತ್ತಾರೆ. ಕಸಿಯ ಗಂಟು ಮಣ್ಣಿನಿಂದ ಮುಕ್ಕಾಲು ಅಡಿಯಾದರೂ ಮೇಲಿರಬೇಕು. ಗಂಟು ಹೂತರೆ ಮೇಲಿನ ಕಡ್ಡಿಯೇ ಬೇರು ಬಿಟ್ಟು, ನಾವು ಆರಿಸಿದ ಬೇರಿನ ಗುಣ ವ್ಯರ್ಥವಾಗುತ್ತದೆ. ಬುಡ ಕೊಳೆಯುವ ಭಯವೂ ಇದೆ. ಇಳಿಜಾರಿನಲ್ಲಿ ಸಾಲು ಬೆಟ್ಟದ ಅಡ್ಡಕ್ಕೆ, ಒಂದೇ ಮಟ್ಟದಲ್ಲಿ ಸಾಗಬೇಕು. ಮೇಲಿನ ಸಾಲಿನ ಎರಡು ಮರಗಳ ನಡುವೆ ಕೆಳಗಿನ ಸಾಲಿನ ಒಂದು ಮರ ಬರುವಂತೆ, ಮುಕ್ಕೋನಕ್ಕೆ ನೆಟ್ಟರೆ ಮಣ್ಣೂ ನಿಲ್ಲುತ್ತದೆ, ಬಿಸಿಲೂ ಹಂಚಿಕೆಯಾಗುತ್ತದೆ.

ನೆಟ್ಟ ಮೊದಲ ನಾಲ್ಕೈದು ಚಳಿಗಾಲ ಕತ್ತರಿಯ ಕೆಲಸ. ನಡುಕಾಂಡ ಒಂದು, ಅದರ ಸುತ್ತ ದಿಕ್ಕಿಗೊಂದರಂತೆ ನಾಲ್ಕೈದು ಕೊಂಬೆ. ಕೊಂಬೆಯಿಂದ ಕೊಂಬೆಗೂ ಅಂತರ ಬೇಕು. ಕಡಿದಾಗಿ ಮೇಲಕ್ಕೆ ಹೋಗುವ ಕೊಂಬೆಯನ್ನು ದಾರ ಕಟ್ಟಿ ಅಗಲಿಸುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸರಿಯಾದ ಜಾಗವಿಲ್ಲ.

ಹಳೆಯ ಮರ ಇನ್ನೂ ಗಟ್ಟಿಯಾಗಿದ್ದರೆ ಕೀಳುವ ಅವಸರ ಬೇಡ. ಬಹಳ ವರ್ಷ ಕತ್ತರಿ ಕಾಣದ ಮರವನ್ನು ಒಂದೇ ಚಳಿಗಾಲದಲ್ಲಿ ಬೋಳಿಸಿದರೆ ಅದು ಗಾಬರಿಬಿದ್ದಂತೆ ನೀರುಚಿಗುರು ಎಬ್ಬಿಸುತ್ತದೆ, ಕಾಯಿ ಮರೆಯುತ್ತದೆ. ಮೂರು ವರ್ಷಕ್ಕೆ ಹಂಚಿ ಸವರಬೇಕು. ಮೊದಲ ವರ್ಷ ಒಣಗಿದ್ದು, ರೋಗದ್ದು. ಎರಡನೆಯ ವರ್ಷ ಒಂದಕ್ಕೊಂದು ಉಜ್ಜುವ ಕೊಂಬೆ. ಮೂರನೆಯ ವರ್ಷ ನೆತ್ತಿ ಇಳಿಸಿ ಒಳಗೆ ಬೆಳಕು ಬಿಡುವುದು. ಕೊಯ್ದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಬೇಕು. ತೋಟದಲ್ಲಿ ಪರಾಗದ ಮರ ಸಾಲದಿದ್ದರೆ ಹೊಸ ಗಿಡಕ್ಕೆ ಜಾಗ ಹುಡುಕಬೇಕಿಲ್ಲ. ಹಳೆಯ ಮರದ ಒಂದು ಕೊಂಬೆಗೆ ಬೇರೆ ತಳಿಯ ಕಡ್ಡಿ ಕಸಿ ಕಟ್ಟಿದರೆ ಆಯಿತು. ಮತ್ತೊಂದು ಮಾತು, ಎಂಥ ಮುದಿ ಮರವಾದರೂ ಬೀಳುವ ಮೊದಲು ಅದರ ಎಳೆಯ ಕಡ್ಡಿ ತೆಗೆದು ಹೊಸ ಬೇರಿಗೆ ಕಸಿ ಮಾಡಿ ಇಡಬೇಕು. ಮರ ಹೋದರೂ ತಳಿ ಉಳಿಯುತ್ತದೆ.

ಕೋಟ್‌ಗಢದ ತೋಟಗಳಿಗೆ ಇವತ್ತು ಇನ್ನೊಂದು ಕಷ್ಟ ಎದುರಾಗಿದೆ. ಡೆಲಿಷಿಯಸ್ ತಳಿ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಸಾವಿರ ಗಂಟೆಗೂ ಮೇಲೆ ಉಣ್ಣಬೇಕು. ಆಗಲೇ ವಸಂತದಲ್ಲಿ ಮೊಗ್ಗು ಒಟ್ಟಿಗೆ ಒಡೆಯುವುದು. ಹಿಮ ಬೀಳುವುದು ಕಡಿಮೆಯಾಗುತ್ತಿದೆ. ತಗ್ಗಿನ ತೋಟಗಳಲ್ಲಿ ಫಸಲು ಇಳಿಯುತ್ತಿದೆ, ಸೇಬು ಕಿನ್ನೌರ್, ಲಾಹುಲ್–ಸ್ಪಿತಿಯ ಎತ್ತರಕ್ಕೆ ಏರುತ್ತಿದೆ. ಕಡಿಮೆ ಚಳಿ ಸಾಕಾಗುವ ತಳಿಗಳತ್ತ ಜನ ನೋಡುತ್ತಿದ್ದಾರೆ. ಹಿಮಾಚಲದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಬಿಸಿಲ ನಾಡಿನಲ್ಲೂ ಹಣ್ಣು ಕೊಡುವ ಎಚ್‌ಆರ್‌ಎಂಎನ್ 99 ಎಂಬ ತಳಿಯನ್ನು ಬೆಳೆಸಿದ್ದಾರೆ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದಲ್ಲೂ ಕೆಲವು ರೈತರು ಇಂಥ ತಳಿಗಳನ್ನು ನೆಟ್ಟು ನೋಡುತ್ತಿದ್ದಾರೆ.

ನಮ್ಮ ನಾಡಿಗೆ ಸೇಬು ಹೊಸದೇನಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಸುತ್ತಮುತ್ತ ರೋಮ್ ಬ್ಯೂಟಿ ಎಂಬ ತಳಿಯ ಸೇಬು ಬೆಳೆಯುತ್ತಿದ್ದರು. ಚಳಿಗಾಲವೇ ಇಲ್ಲದ ಜಾವಾ ದ್ವೀಪದ ಬಾಟು ಊರಿನಲ್ಲಿ ಇದೇ ತಳಿಯ ಮರಗಳ ಎಲೆಯನ್ನು ಕೈಯಿಂದ ತರಿದು ಹಾಕಿ, ಮರಕ್ಕೆ ಚಳಿಗಾಲ ಬಂದು ಹೋದಂತೆ ಮಾಡಿ ಹೂ ಬಿಡಿಸುತ್ತಾರೆ. ಬೆಂಗಳೂರಿನ ಆ ತೋಟಗಳು ಈಗ ಇಲ್ಲ. ಊರು ಬೆಳೆದಂತೆ ಮರಗಳ ನಡುವಿನ ಜಾಗವೂ ಹೋಯಿತು, ಮರಗಳೂ ಹೋದವು.

ಸೇಬು ನೆಡುವ ಆಸೆಯಿರುವ ರೈತ ಬಂಧುಗಳಿಗೆ ಒಂದು ಮಾತು. ಗಿಡ ಕೊಳ್ಳುವಾಗ ತಳಿಯ ಹೆಸರು ಕೇಳಿದಂತೆಯೇ ಬೇರಿನ ಹೆಸರನ್ನೂ ಕೇಳಿ. ಆ ತಳಿಗೆ ಪರಾಗ ಕೊಡುವ ಜೊತೆಗಿಡ ಯಾವುದೆಂದು ಕೇಳಿ. ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ಹಗ್ಗ ಹಿಡಿದು ಅಡಿ ಅಳೆಯಿರಿ. ಮೊದಲು ನಾಲ್ಕಾರು ಗಿಡ ನೆಟ್ಟು ನಿಮ್ಮ ನೆಲದಲ್ಲಿ ಹೇಗಿರುತ್ತದೆಂದು ನೋಡಿ, ಆಮೇಲೆ ಎಕರೆಗೆ ಕೈ ಹಾಕಿ.

ಸೇಬು ಬೇಡದವರಿಗೂ ಈ ಮಾತು ಸಲ್ಲುತ್ತದೆ. ಮಾವಾಗಲಿ, ತೆಂಗಾಗಲಿ, ಹಲಸಾಗಲಿ, ಹಿರಿಯರು ನೆಟ್ಟ ತೋಟ ನಿಮ್ಮ ಪಾಲಿಗೆ ಬಂದಿದ್ದರೆ, ನಡುವೆ ಗಿಡ ತುರುಕುವ ಮೊದಲು ಒಂದು ಮಧ್ಯಾಹ್ನ ತೋಟಕ್ಕೆ ಹೋಗಿ. ಮರದ ಬುಡದಿಂದ ಕೊಂಬೆಯ ತುದಿಯವರೆಗೆ ಹೆಜ್ಜೆ ಹಾಕಿ ನೋಡಿ. ಉಳಿದ ಜಾಗ ಎಷ್ಟೆಂದು ಆಗ ನಿಮಗೇ ತಿಳಿಯುತ್ತದೆ.

ಊರಿಗೆ ಬಂದ ಮೇಲೆ ನಾನು ನಡುವೆ ನೆಟ್ಟಿದ್ದ ಮಾವಿನ ಗಿಡಗಳನ್ನು ಎರಡು ವರ್ಷದಲ್ಲಿ ತೆಗೆಸಿದೆ. ಮೂರನೆಯ ವರ್ಷ ತಾತನ ಮರಗಳ ಒಳಕೊಂಬೆಗಳಲ್ಲಿ ಚಿಗುರು ಬಂತು. ಹೋದ ಸಲ ಅಲ್ಲಿ ಹೂವೂ ಬಂತು.